ನಿದ್ರೆಯ ಗಂಟೆ

ರಾತ್ರಿ ಬಹಳ ಹೊತ್ತಾದರೂ ಮಗಳಿಗೆ ನಿದ್ರೆ ಬಾರದು. ಬೆಳಿಗ್ಗೆ ಎಷ್ಟು ಕೂಗಿದರೂ ಏಳಲಾರಳು. ಇದನ್ನು ಕಂಡು ಸೋಮಾರಿಯೆಂದು ಗದರಿಸುವ ತಾಯಿತಂದೆಗಳು ಅನೇಕರು. ಗದರಿಸುವದಕ್ಕೆ ಮುಂಚೆ, ಸೃಷ್ಟಿಕರ್ತನು ನಮ್ಮ ಶರೀರದಲ್ಲಿ ನಿದ್ರೆಗಾಗಿ ಮಾಡಿರುವ ಏರ್ಪಾಟನ್ನು ತುಸು ವಿಚಾರಿಸುವದು ಒಳ್ಳೇದು.

ಮೆದುಳಿನ ನಡುವೆ, ಅಕ್ಕಿಯ ಕಾಳಿಗಿಂತ ಹೆಚ್ಚು ದೊಡ್ಡದಲ್ಲದ ಪೀನಿಯಲ್ ಎಂಬ ಗ್ರಂಥಿಯೊಂದುಂಟು. ಕತ್ತಲಾದ ಮೇಲೆ ಇದು ಮೆಲಟೋನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸೇರಿಸುವದು. ಅಮೇರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯರಾದ ಆರನ್ ಲರ್ನರ್ ಎಂಬವರೂ ಅವರ ಸಂಗಡಿಗರೂ, ಚರ್ಮದ ಬಣ್ಣವನ್ನು ಬದಲಿಸುವ ವಸ್ತುವನ್ನು ಹುಡುಕುತ್ತಿರುವಾಗ, ದನಗಳ ಪೀನಿಯಲ್ ಗ್ರಂಥಿಗಳಿಂದ ಇದನ್ನು ಬೇರ್ಪಡಿಸಿ ೧೯೫೮ರಲ್ಲಿ ಪ್ರಕಟಿಸಿದರು.

ವಿದ್ಯಾರ್ಥಿನಿಲಯದಲ್ಲಿ ರಾತ್ರಿಯ ಗಂಟೆ ಹೊಡೆದರೆ ಅದರ ನಾದವು ಗೋಡೆಗೂ ಮರಕ್ಕೂ ತಾಗುವದು; ಆದರೆ ಕಿವಿಯುಳ್ಳವರು ಮಾತ್ರ ಕೇಳಿ ನಡೆಯುವರು. ಹಾಗೆಯೇ ಮೆಲಟೋನಿನ್ ರಕ್ತದೊಡನೆ ಸರ್ವಾಂಗಕ್ಕೂ ಹರಿದರೂ, ಅದನ್ನು ಗುರುತಿಸುವ ಗ್ರಾಹಕಗಳುಳ್ಳ ಜೀವಕೋಶಗಳೇ ಅದಕ್ಕೆ ಓಗೊಡುವವು. ಎರಡು ಕಣ್ಣುಗಳ ನರಗಳು ಕೂಡುವ ಸ್ಥಳದ ಮೇಲ್ಗಡೆ, ಶರೀರದ ಗಡಿಯಾರವೆನ್ನಬಹುದಾದ ಕೋಶಸಮೂಹವಿರುವದು. ಅಲ್ಲಿಯ ಗ್ರಾಹಕಗಳು ಎರಡು ವಿಧ. ಒಂದು ಮುಖ್ಯವಾಗಿ ಆ ಕೋಶಗಳ ಚಟುವಟಿಕೆಯನ್ನು ತಗ್ಗಿಸುವದು. ಇನ್ನೊಂದು ಗಡಿಯಾರದ ಮುಳ್ಳನ್ನು ಹೊತ್ತಿಗೆ ಸರಿಯಾಗಿ ತಿರುಗಿಸುವದು. ಮೆಲಟೋನಿನ್ ನಮ್ಮನ್ನು ಬಲವಂತದಿಂದ ಮಲಗಿಸುವದಿಲ್ಲ, ರಾತ್ರಿಯಾಯಿತೆಂದು ತಿಳಿಸುವದು.

ಹದಿಹರೆಯದಲ್ಲಿ ಈ ಗಂಟೆಯು ಬಾಲ್ಯದಲ್ಲಿ ಹೊಡೆಯುತ್ತಿದ್ದುದಕ್ಕಿಂತ ತಡವಾಗಿ ಹೊಡೆಯುವದು. ಇದು ಬೆಳವಣಿಗೆಯ ಕ್ರಮವೇ ಹೊರತು ಮಗಳ ದೋಷವಲ್ಲ. ಅದನ್ನು ಮತ್ತಷ್ಟು ತಡಮಾಡುವದು ದೀಪ. ರಾತ್ರಿ ಕಣ್ಣಿಗೆ ಬಿದ್ದ ಬೆಳಕು ಇನ್ನೂ ಹಗಲೆಂದು ಗಡಿಯಾರಕ್ಕೆ ಸುದ್ದಿ ಕೊಡುವದು. ಗ್ರಂಥಿಯು ತನ್ನ ಕೆಲಸವನ್ನು ತಡೆಹಿಡಿಯುವದು. ಪ್ರಖರವಾದ ಬೆಳಕಿನಿಂದ ಮನುಷ್ಯರಲ್ಲಿಯೂ ಹೀಗಾಗುವದೆಂದು ೧೯೮೦ರಲ್ಲಿ ಸಿದ್ಧಪಟ್ಟಿತು. ಮುಖದ ಹತ್ತಿರ ಹಿಡಿದ ಮೊಬೈಲಿನ ಬೆಳಕೂ ಈ ವಿಷಯದಲ್ಲಿ ನಿರಪರಾಧಿಯಲ್ಲ.

ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ ೮ರಿಂದ ೧೦ ತಾಸುಗಳ ನಿದ್ರೆ ಬೇಕೆಂದು ವೈದ್ಯರು ಹೇಳುವರು. ನಿದ್ರೆಗೆಟ್ಟು ಓದಿದ ಪಾಠವು ನೆನಪಿನಲ್ಲಿ ಚೆನ್ನಾಗಿ ನೆಲಸುವದಿಲ್ಲ. ಆದಕಾರಣ ತಾಯಂದಿರೇ, ಮಲಗುವದಕ್ಕೆ ಒಂದು ತಾಸು ಮುಂಚೆ ಮನೆಯ ದೀಪಗಳನ್ನು ಮಂದಮಾಡಿರಿ. ಮೊಬೈಲನ್ನು ಹಾಸಿಗೆಯಿಂದ ದೂರವಿಡಿರಿ, ನಿಮ್ಮದನ್ನೂ ಸಹ. ಬೆಳಿಗ್ಗೆ ಮಗಳನ್ನು ಅಂಗಳದ ಬಿಸಿಲಿಗೆ ಕರೆದುಕೊಂಡು ಬನ್ನಿರಿ. ಮುಂಜಾನೆಯ ಬೆಳಕು ಆ ಗಡಿಯಾರವನ್ನು ಮುಂದಕ್ಕೆ ತರುವದು. ವೈದ್ಯರ ಸಲಹೆಯಿಲ್ಲದೆ ನಿದ್ರೆಯ ಮಾತ್ರೆಗಳನ್ನು ಕೊಡಬೇಡಿರಿ.

ಗದರಿಕೆಯಿಂದ ಈ ಗಂಟೆಯು ಬೇಗ ಹೊಡೆಯದು. ಕತ್ತಲನ್ನು ಅದರ ಹೊತ್ತಿನಲ್ಲಿಯೂ ಬೆಳಕನ್ನು ಅದರ ಹೊತ್ತಿನಲ್ಲಿಯೂ ಮನೆಯೊಳಗೆ ಬರಗೊಡುವವರಿಗೆ ಅದು ಬಹುಮಟ್ಟಿಗೆ ಒಲಿಯುವದು.