ಕೃತಕ ಉಪಗ್ರಹಗಳೂ ನಮ್ಮ ಸೀಮೆಯ ಬರಗಾಲವೂ

ಆಪತ್ತು ಎಂದೊಡನೆ ಬಸವಕಲ್ಯಾಣ, ಹುಮನಾಬಾದಿನ ಹಿರಿಯರಿಗೆ 1993ನೆಯ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪ ನೆನಪಾಗುತ್ತದೆ. ಗಡಿಯಾಚೆ ಲಾತೂರು ಜಿಲ್ಲೆಯಲ್ಲಿ ನೆಲ ನಡುಗಿದಾಗ ಇಲ್ಲಿಯ ಗೋಡೆಗಳೂ ಅಲುಗಿದ್ದವು. ಅಂಥದನ್ನು ಮುಂಚೆಯೇ ಹೇಳಬಲ್ಲ ಉಪಗ್ರಹ ಇಂದಿಗೂ ಇಲ್ಲ. ಬರಗಾಲದ ಮಾತು ಬೇರೆ. ಅದು ಒಂದು ರಾತ್ರಿಯಲ್ಲಿ ಬರುವುದಿಲ್ಲ. ವಾರವಾರಕ್ಕೂ ಎಲೆಯ ಬಣ್ಣ ಕೆಡಿಸುತ್ತ ಬರುತ್ತದೆ. ಆದುದರಿಂದ ಮೇಲಿನಿಂದ ನೋಡುವವರಿಗೆ ಅದನ್ನು ಗುರುತಿಸಲು ಅವಕಾಶವುಂಟು. ಭೂಗೋಳದ ವಿದ್ಯಾರ್ಥಿಯಾದ ನಾನು ಈ ವಿಷಯವನ್ನು ಓದಿ ತಿಳಿದಷ್ಟು ಸಹಪಾಠಿಗಳ ಮುಂದಿಡುತ್ತೇನೆ.

ಮೊದಲು ತತ್ತ್ವ. ಹಸಿರೆಲೆಯು ಆಹಾರ ತಯಾರಿಸಲು ಸೂರ್ಯನ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಬಹುಮಟ್ಟಿಗೆ ಹಿಂದಕ್ಕೆ ಕಳಿಸುತ್ತದೆ. ಎಲೆ ಬಾಡಿದಂತೆ ಈ ಅಂತರ ಕುಗ್ಗುತ್ತದೆ. ಉಪಗ್ರಹವು ಎರಡನ್ನೂ ಅಳೆಯುತ್ತದೆ. ಅವಕೆಂಪಿನಿಂದ ಕೆಂಪನ್ನು ಕಳೆದು, ಉಳಿದುದನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸಸ್ಯ ಸೂಚ್ಯಂಕ ದೊರೆಯುತ್ತದೆ. ಲೆಕ್ಕಕ್ಕಾಗಿ ಒಂದು ತೊಗರಿ ಹೊಲ ಹಿಡಿಯೋಣ. ನೂರಕ್ಕೆ ಅವಕೆಂಪು 50, ಕೆಂಪು 8 ಮರಳಿದರೆ 42ನ್ನು 58ರಿಂದ ಭಾಗಿಸಿ 0.72. ಬಾಡಿದ ಹೊಲದಲ್ಲಿ ಅವು 30 ಮತ್ತು 15 ಆದರೆ 0.33.

ಆದರೆ ಒಂಟಿ ಅಂಕಿಗೆ ಅರ್ಥವಿಲ್ಲ. ಹುಮನಾಬಾದಿನ ಕಡೆಯ ಜಂಬಿಟ್ಟಿಗೆಯ ಕೆಂಪು ನೆಲವು ಒಳ್ಳೆಯ ವರ್ಷದಲ್ಲಿಯೂ ತಗ್ಗಿನ ಎರೆಭೂಮಿಯಷ್ಟು ಹಸಿರಾಗುವುದಿಲ್ಲ. ಆದುದರಿಂದ ಅದೇ ಜಾಗದ, ಅದೇ ಅವಧಿಯ ಹಿಂದಿನ ವರ್ಷಗಳೊಡನೆ ಹೋಲಿಸುತ್ತಾರೆ. ಅತಿ ಕೆಟ್ಟ ವರ್ಷ 0.30, ಅತಿ ಒಳ್ಳೆಯ ವರ್ಷ 0.70 ಇದ್ದು, ಈ ಸಲ 0.42 ಬಂತೆನ್ನಿ. ತಳದಿಂದ ಏರಿದ್ದು 0.12, ಒಟ್ಟು ಏರು 0.40; ಅಂದರೆ ಶೇಕಡಾ 30. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ 60ಕ್ಕೆ ಮೇಲ್ಪಟ್ಟರೆ ಸಾಮಾನ್ಯ, 40ರಿಂದ 60 ಮಧ್ಯಮ, 40ಕ್ಕಿಂತ ಕೆಳಗೆ ತೀವ್ರ. ಆದರೆ ಬರ ಘೋಷಣೆಗೆ ಇದೊಂದೇ ಸಾಲದು. ಮೊದಲು ಮಳೆಯ ಕೊರತೆ ಕಾಣಬೇಕು; ಬೆಳೆ, ತೇವಾಂಶ, ಜಲಾಶಯಗಳ ಸ್ಥಿತಿಯನ್ನೂ ನೋಡಬೇಕು; ಕೊನೆಗೆ ಶೇಕಡಾ 10ರಷ್ಟು ಹಳ್ಳಿಗಳಲ್ಲಿ ಹೊಲಕ್ಕೆ ಹೋಗಿ ಪರೀಕ್ಷಿಸಬೇಕು.

ಆಕಾಶದಿಂದ ಎಲ್ಲವೂ ಕಾಣುವಾಗ ಹೊಲ ತಿರುಗುವುದೇಕೆ ಎಂದು ಯಾರಾದರೂ ಕೇಳಬಹುದು. ನನ್ನ ಮಟ್ಟಿಗೆ ವಿಷಯದ ತಿರುಳಿರುವುದು ಇಲ್ಲಿಯೇ. ಉಪಗ್ರಹ ಕಾಣುವುದು ಹಸಿರನ್ನು, ಕಾಳನ್ನಲ್ಲ. ಮಿರಗ ಮಳೆಗೆ ಬಿತ್ತಿದ ಹೆಸರು, ಉದ್ದು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ ರಾಶಿಯಾಗುತ್ತವೆ. ಬಯಲಾದ ಆ ನೆಲ ಚಿತ್ರದಲ್ಲಿ ಬರಡಾಗಿ ತೋರುತ್ತದೆ. ಊರವರು ಉದ್ದು ಬಿಟ್ಟು ಸೋಯಾಬೀನಿಗೆ ತಿರುಗಿದರೆ ಹಿಂದಿನ ವರ್ಷಗಳ ಹೋಲಿಕೆಯೇ ಸಡಿಲವಾಗುತ್ತದೆ. ಮಳೆ ತಡವಾದರೆ ಎಳೆಯ ಬೆಳೆಯೂ ಬಾಡಿದ ಬೆಳೆಯೂ ಒಂದೇ ಅಂಕಿ ಕೊಡಬಹುದು. ಇದಕ್ಕೆ ವಿರುದ್ಧವಾಗಿ, ಹೂವಿನ ಹೊತ್ತಿಗೆ ತೇವ ತಪ್ಪಿ ಕಾಯಿ ಕಟ್ಟದ ತೊಗರಿಯು ಒಂದು ತಡವಾದ ಮಳೆಗೆ ಚಿಗುರಿ, ಕಳೆಯೊಡನೆ ಹಚ್ಚಗೆ ನಿಲ್ಲುತ್ತದೆ. ಸೂಚ್ಯಂಕ ಚೆನ್ನಾಗಿಯೇ ಇರುತ್ತದೆ, ಚೀಲ ತುಂಬುವುದಿಲ್ಲ. ಅಲ್ಲದೆ ಘೋಷಣೆ ತಾಲ್ಲೂಕಿನ ಲೆಕ್ಕದಲ್ಲಿ ನಡೆಯುವುದರಿಂದ, ಬಸವಕಲ್ಯಾಣ ತಾಲ್ಲೂಕಿನ ಚುಳಕಿ ನಾಲಾ ಜಲಾಶಯದ ನೀರು ಕಂಡ ಹೊಲಗಳ ಹಸಿರು, ಒಣ ಹೊಲಗಳ ಸಂಕಟವನ್ನು ಸರಾಸರಿಯಲ್ಲಿ ಮುಚ್ಚಿಬಿಡಬಹುದು.

ಮೋಡದ ತೊಡಕೂ ಇದೆ. ಮಳೆಗಾಲದಲ್ಲಿಯೇ ಚಿತ್ರ ಹೆಚ್ಚು ಬೇಕು, ಆಗಲೇ ಮೋಡ ಅಡ್ಡ ಬರುತ್ತದೆ! ರಾಡಾರ್ ಉಪಗ್ರಹಗಳು ಮೋಡವನ್ನು ಹಾಯ್ದು ನೋಡುತ್ತವೆ. 2022ರಲ್ಲಿ ಹಾರಿದ ನಮ್ಮ ಇಒಎಸ್-04 ಅಂಥದು, 2025ರ ಜುಲೈ 30ರಂದು ಹಾರಿದ ನೈಸಾರ್ ಸಹ. ತೆರವಾಗಿ ನಿಂತ ನೀರು ಕನ್ನಡಿಯಂತೆ ಕಿರಣವನ್ನು ಬೇರೆ ಕಡೆಗೆ ಚಿಮ್ಮಿಸುವುದರಿಂದ ರಾಡಾರ್ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಹೀಗೆ ನೆರೆಯ ನಕ್ಷೆ ಬೇಗ ಸಿದ್ಧವಾಗುತ್ತದೆ. ಆದರೆ ಎರೆಮಣ್ಣಿನಲ್ಲಿ ಬೆಳೆಯ ಬುಡಕ್ಕೆ ನಿಂತು ಬೇರು ಕೊಳೆಯಿಸುವ ನೀರು ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ.

ಕೈಪಿಡಿಯಂತೆ ಮುಂಗಾರಿನ ಬರವನ್ನು ಅಕ್ಟೋಬರ್ 30ರೊಳಗೆ ಘೋಷಿಸಬೇಕು. ಅಷ್ಟರಲ್ಲಿ ಪರೀಕ್ಷೆ ಮುಗಿಯಬೇಕಾದುದರಿಂದ ಯಾವ ಹಳ್ಳಿಗೆ ಮೊದಲು ಹೋಗಬೇಕೆಂಬುದು ದೊಡ್ಡ ಪ್ರಶ್ನೆ. ಉಪಗ್ರಹದ ನಿಜವಾದ ಉಪಯೋಗ ಇದನ್ನು ತೋರಿಸಿಕೊಡುವುದರಲ್ಲಿದೆ ಎಂದು ನನ್ನ ಭಾವನೆ.

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಯಾರಿಗಾದರೂ ಉಚಿತ. ಅವುಗಳಲ್ಲಿ ಒಂದು ಚುಕ್ಕೆ ಹತ್ತು ಮೀಟರ್ ಚೌಕ. ಒಂದು ಎಕರೆಗೆ ಸುಮಾರು 40 ಚುಕ್ಕೆಗಳು. ಇಲ್ಲದಿರುವುದು ಬಿತ್ತಿದ ದಿನ, ಹೂ ಬಿಟ್ಟ ದಿನ, ರಾಶಿಯ ತೂಕ. ನಮ್ಮಲ್ಲಿ ಬಹುಮಂದಿ ಒಕ್ಕಲುತನದ ಮನೆಯವರು. ಒಬ್ಬೊಬ್ಬರು ತಮ್ಮೂರ ಐದು ಹೊಲಗಳಿಗೆ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಚಿತ್ರದೊಡನೆ ತಾಳೆ ನೋಡಬಹುದು. ಬರುವ ಮಿರಗಕ್ಕೆ ನಾನು ಆರಂಭಿಸಬೇಕೆಂದಿದ್ದೇನೆ. ಜೊತೆಗೂಡುವವರು ಬಿತ್ತನೆಗೆ ಮೊದಲೇ ತಿಳಿಸಬೇಕು. ಯಾವ ಹೊಲಗಳನ್ನು ಆರಿಸಬೇಕೆಂಬುದನ್ನು ಗುರುಗಳನ್ನು ಕೇಳಿ ನಿಶ್ಚಯಿಸೋಣ.