ಪರಸ್ಥಳವಾಸಿಗಳಾದ ಜಮೀನುದಾರರೂ ಜಿಂಕೆಗಳ ಹಾವಳಿಯೂ

ಪರರಾಜ್ಯದಲ್ಲಿ ವಾಸವಾಗಿದ್ದು ಕಾಡಂಚಿನ ಹೊಲವನ್ನು ಆಳುಗಳ ವಶಕ್ಕೆ ಬಿಟ್ಟಿರುವ ಜಮೀನುದಾರರಲ್ಲಿ ಕೆಲವರು, ರಾಗಿ ಹುರುಳಿಗಳನ್ನು ಮೇಯುವ ಜಿಂಕೆಯನ್ನು ಹೊಡೆಯಲು ಪಟ್ಟೆಯೊಂದಿದ್ದರೆ ಸಾಕೆಂದು ಭಾವಿಸುವುದುಂಟು. ಇದು ತಪ್ಪು ತಿಳಿವಳಿಕೆ. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೆಯ ಪ್ರಕರಣವು ಬೇಟೆಯನ್ನು ನಿಷೇಧಿಸಿದೆ, ಉರುಳೊಡ್ಡುವುದೂ ಬೇಟೆಯೇ. ದೂರದಿಂದ ಹೇಳಿಕಳುಹಿಸಿ ಆಳಿನ ಕೈಯಲ್ಲಿ ಮಾಡಿಸಿದ ಒಡೆಯನೂ ಕುಮ್ಮಕ್ಕಿನ ಅಪರಾಧಕ್ಕೆ ಗುರಿಯಾಗುವನು.

ನಿಂತ ಪೈರಿಗೆ ಅಪಾಯವೊದಗಿದಲ್ಲಿ, 11ನೆಯ ಪ್ರಕರಣದ ಮೇರೆಗೆ ಮುಖ್ಯ ವನ್ಯಜೀವಿ ಪರಿಪಾಲಕರು ಎರಡನೆಯ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಕಾರಣಸಹಿತವಾದ ಲಿಖಿತ ಅಪ್ಪಣೆ ಕೊಡಬಹುದು. ಹಾಗೆ ಕೊಂದ ಪ್ರಾಣಿಯು ಸರಕಾರದ ಸ್ವತ್ತು. ಕೃಷ್ಣಮೃಗವು ಮೊದಲನೆಯ ಅನುಸೂಚಿಗೆ ಸೇರಿರುವುದರಿಂದ ಪೈರಿನ ಕಾರಣಕ್ಕೆ ಈ ಅಪ್ಪಣೆಯೂ ದೊರೆಯದು.

ಒಡೆಯನು ಬರುವವರೆಗೆ ಕಾಯದೆ, ಗೊರಸಿನ ಗುರುತು ಮಾಸುವ ಮೊದಲೇ ಹೊಲ ನೋಡಿಕೊಳ್ಳುವವನು ವಲಯ ಅರಣ್ಯಾಧಿಕಾರಿಗಳಿಗೆ ಬರೆದು ತಿಳಿಸತಕ್ಕದ್ದು.