ಬೆಲೂನು ಮೇಲೇರುವುದೇಕೆ?

ಬಾವಿಯಿಂದ ನೀರು ಸೇದುವಾಗ ತುಂಬಿದ ಕೊಡವು ನೀರಿನೊಳಗಿರುವವರೆಗೆ ಹಗುರವಾಗಿ ತೋರಿ, ನೀರನ್ನು ಬಿಟ್ಟು ಮೇಲೆ ಬಂದೊಡನೆ ಭಾರವಾಗುವುದನ್ನು ಎಲ್ಲರೂ ಬಲ್ಲರು. ನೀರಿನಲ್ಲಿ ಮುಳುಗಿದ ವಸ್ತುವನ್ನು, ಅದು ಸರಿಸಿದ ನೀರಿನ ತೂಕದಷ್ಟು ಬಲವು ಮೇಲಕ್ಕೆ ನೂಕುತ್ತದೆ. ಆರ್ಕಿಮಿಡೀಸನು ಕಂಡುಹಿಡಿದ ಈ ನಿಯಮವು ಗಾಳಿಗೂ ಸಲ್ಲುವುದು, ಗಾಳಿಗೂ ತೂಕವುಂಟಷ್ಟೆ.

ಉದ್ದ, ಅಗಲ, ಎತ್ತರಗಳು ಒಂದೊಂದು ಮೀಟರು ಇರುವ ಪೆಟ್ಟಿಗೆಯೊಂದನ್ನು ಊಹಿಸಿರಿ. ನೀರು ಹೆಪ್ಪುಗಟ್ಟುವಷ್ಟು ಶೈತ್ಯವಿದ್ದಾಗ, ಸಮುದ್ರಮಟ್ಟದಲ್ಲಿ, ಅದರೊಳಗೆ ಹಿಡಿಯುವ ಗಾಳಿಯ ತೂಕವು ಸುಮಾರು 1,293 ಗ್ರಾಂ. ಅದೇ ಪೆಟ್ಟಿಗೆಯಲ್ಲಿ ಜಲಜನಕವು 90 ಗ್ರಾಂ, ಹೀಲಿಯಂ 178 ಗ್ರಾಂ ಮಾತ್ರ ತೂಗುವುವು. ಹೀಲಿಯಂ ಜಲಜನಕಕ್ಕಿಂತ ಇಮ್ಮಡಿ ಭಾರವಾದುದರಿಂದ, ಅದು ಎತ್ತುವ ಹೊರೆಯೂ ಅರ್ಧವೇ ಇರಬೇಕೆಂದು ಕೆಲವರು ಭಾವಿಸಬಹುದು. ಲೆಕ್ಕಮಾಡಿ ನೋಡೋಣ. ಎತ್ತುವ ಬಲವು ಹೊರಗಿನ ಗಾಳಿಯದು. ಒಳಗಿನ ಅನಿಲದ ತೂಕವನ್ನು ಅದರಿಂದ ಕಳೆಯಬೇಕು. 1,293ರಲ್ಲಿ 90 ಕಳೆದರೆ 1,203. 178 ಕಳೆದರೆ 1,115. ಎಂದರೆ ಜಲಜನಕದಿಂದ ನೂರು ಮಣ ಏರುವಲ್ಲಿ ಹೀಲಿಯಮಿನಿಂದ ಸುಮಾರು ತೊಂಬತ್ತಮೂರು ಮಣ ಏರುವುದು! ಬೆಲೂನಿನ ಚೀಲ, ಹಗ್ಗ, ತೊಟ್ಟಿಲುಗಳ ತೂಕವೂ ಇದರಲ್ಲಿಯೇ ಅಡಗಿರಬೇಕು.

ಜಲಜನಕ ತುಂಬಿದ ಬೆಲೂನನ್ನು ಮೊದಲು ಹಾರಿಸಿದವನು ಜಾಕ್ ಷಾರ್ಲ್ ಎಂಬ ಫ್ರೆಂಚ್ ವಿಜ್ಞಾನಿ. 1783ನೆಯ ಆಗಸ್ಟ್ 27ರಂದು, ಪ್ಯಾರಿಸಿನಲ್ಲಿ. ಅದೇ ವರ್ಷದ ಡಿಸೆಂಬರ್ 1ರಂದು ತಾನೇ ಒಬ್ಬ ಸಂಗಾತಿಯೊಡನೆ ಆಕಾಶಕ್ಕೇರಿದನು. ಆದರೆ ಜಲಜನಕಕ್ಕೆ ಒಂದು ಮಹಾದೋಷವುಂಟು: ಅದು ಕಿಡಿ ಸೋಕಿದೊಡನೆ ಉರಿಯುವುದು. ಹೀಲಿಯಮಾದರೋ ಉರಿಯುವುದೇ ಇಲ್ಲ.

ಜರ್ಮನರು ‘ಹಿಂಡೆನ್‌ಬರ್ಗ್’ ಎಂಬ ವಾಯುನೌಕೆಗೆ ಹೀಲಿಯಮನ್ನೇ ತುಂಬಬೇಕೆಂದು ಯೋಜಿಸಿದ್ದರು. ಆಗ ಆ ಅನಿಲವು ಹೇರಳವಾಗಿ ದೊರೆಯುತ್ತಿದ್ದುದು ಅಮೆರಿಕದಲ್ಲಿ. ಅದರ ರಫ್ತಿಗೆ ಅಲ್ಲಿಯ ಕಾನೂನು ಅಡ್ಡವಾಗಿತ್ತು. ಹೀಗಾಗಿ ಸುಮಾರು ಎರಡು ಲಕ್ಷ ಘನಮೀಟರು ಜಲಜನಕವನ್ನು ತುಂಬಲಾಯಿತು. 1937ನೆಯ ಮೇ 6ರಂದು ನ್ಯೂಜೆರ್ಸಿಯ ಲೇಕ್‌ಹರ್ಸ್ಟಿನಲ್ಲಿ ಇಳಿಯುವಾಗ ಬೆಂಕಿ ಹತ್ತಿ, ಆ ನೌಕೆಯು ಒಂದು ನಿಮಿಷದೊಳಗೆ ಉರಿದುಬಿದ್ದಿತು. 36 ಜನರು ಮಡಿದರು. ನೂರರಲ್ಲಿ ಏಳು ಪಾಲು ಹೊರೆಯನ್ನು ಬಿಟ್ಟುಕೊಟ್ಟರೆ ದೊರೆಯುವ ಕ್ಷೇಮದ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುವುದು.

ಈ ಪಾಠವು ಮನೆಗೂ ಸಲ್ಲತಕ್ಕದ್ದು. ಎರಡು ಅನಿಲಗಳಿಗೂ ಬಣ್ಣವಿಲ್ಲ, ವಾಸನೆಯಿಲ್ಲ. ಜಾತ್ರೆಯಲ್ಲಿ ಕೊಂಡ ಬೆಲೂನು ಮೇಲೇರುವುದನ್ನು ನೋಡಿದ ಮಾತ್ರಕ್ಕೆ ಒಳಗಿರುವುದು ಯಾವುದೆಂದು ಹೇಳಲಾಗದು. ಆದುದರಿಂದ ತಾಯಿತಂದೆಗಳು ಅಂತಹ ಬೆಲೂನುಗಳನ್ನು ದೀಪ, ಒಲೆ, ಬೆಂಕಿಕಡ್ಡಿಗಳ ಬಳಿಗೆ ಒಯ್ಯದಂತೆ ಮಕ್ಕಳನ್ನು ಎಚ್ಚರಿಸಬೇಕು.